ಗಿರಣಿ ಮೋಟರಿಗೆ ಬೆಲ್ಟು: ಬಿ-90 ತರಬೇಕೋ, ಬಿ-93 ತರಬೇಕೋ?

ಹಾವೇರಿ ಗಿರಣಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಹಾವೇರಿ ಕಡೆ ಹಳ್ಳಿಯೊಳಗ ಹಿಟ್ಟಿನ ಗಿರಣಿ ಐತಿ. 10 ಎಚ್‌ಪಿ ತ್ರೀ ಫೇಸ್ ಮೋಟರು, ಮೂರು ಬೆಲ್ಟಿನ ಪುಲ್ಲಿ. ಮೂರೂ ಬೆಲ್ಟು ಒಳಗಿನ ಕಡೆ ಸೀಳು ಬಿಟ್ಟಾವು, ಒಂದರ ಅಂಚು ದಾರ ದಾರ ಆಗಿ ಬಿಚ್ಚಾಕತ್ತೈತಿ. ಮ್ಯಾಲಿನ ನಂಬರು ಅಳಿಸಿ ಹೋಗೈತಿ. ಬಿಸಿಲಿಗೆ ಹಿಡದು ನೋಡಿದ್ರ ‘ಬಿ’ ಕಾಣತೈತಿ, ಅದರ ಮುಂದ ‘9’ ಇದ್ದಂಗ ಕಾಣತೈತಿ, ಆಮ್ಯಾಲಿಂದು ಏನೂ ತಿಳಿವಲ್ದು.

ಒಂದು ಅಂಗಡಿಯವ್ರು ಹಳೇ ಬೆಲ್ಟಿನ ಮ್ಯಾಲೆ ಟೇಪ್ ಸುತ್ತಿ ಅಳದು ‘ಬಿ-93 ಒಯ್ರಿ’ ಅಂದ್ರು. ಇನ್ನೊಂದು ಅಂಗಡಿಯವ್ರು ಅದೇ ಬೆಲ್ಟು ಕೈಯಾಗ ಹಿಡದು ‘ಇದು ಬಿ-90’ ಅಂದ್ರು. ಮೂರು ಇಂಚು ಅಂದ್ರ ಸಣ್ಣ ಮಾತಲ್ಲ. ಜ್ವಾಳದ ರಾಶಿ ಮುಗದು ಮಂದಿ ಚೀಲ ಹೊತ್ಕೊಂಡು ಬರಾಕ ಹತ್ಯಾರ. ತಂದದ್ದು ಕೂಡಲಿಲ್ಲಂದ್ರ ಮತ್ತ ಪ್ಯಾಟಿಗೆ ಹೋಗಬೇಕು. ಯಾರರ ತಿಳಿದವ್ರು ಹೇಳ್ರಿ.

ತುಮಕೂರು ಹುಡುಗ:
ಶೀರ್ಷಿಕೆಯಲ್ಲಿ ಬೆಲ್ಟು ಅಂತ ನೋಡಿ ಪ್ಯಾಂಟಿನ ಬೆಲ್ಟು ಅಂದ್ಕೊಂಡು ಬಂದೆ ಸ್ವಾಮಿ. 34ರ ಪ್ಯಾಂಟಿಗೆ ಎಷ್ಟರ ಬೆಲ್ಟು ತಗೋಬೇಕು ಅನ್ನೋದು ನನ್ನ ಪ್ರಶ್ನೆ. ಬಂದಿದ್ದಕ್ಕೆ ಅದನ್ನೂ ಯಾರಾದ್ರೂ ಹೇಳಿಬಿಡಿ.

ಪೀಣ್ಯ ಫಿಟ್ಟರ್:
ತುಮಕೂರಿನವರೇ, 36 ತಗೊಳ್ಳಿ. ಈಗ ಹಾಕ್ತಿರೋ ಬೆಲ್ಟು ಇದ್ರೆ ಬಕಲ್ಲಿನ ಮುಳ್ಳು ಕೂತಿರೋ ಜಾಗದಿಂದ ನೀವು ದಿನಾ ಹಾಕೋ ತೂತಿನವರೆಗೆ ಅಳೆಯಿರಿ, ಆ ಅಳತೆ ಹೊಸದರ ನಡುವಿನ ತೂತಿಗೆ ಬರಬೇಕು. ನಿಮ್ಮ ಕೆಲಸ ಆಯ್ತು.

ಹಾವೇರಿಯವರೇ, ನಿಮ್ಮ ವಿಷಯಕ್ಕೆ ಬರ್ತೀನಿ. ಇಬ್ಬರು ಅಂಗಡಿಯವರೂ ಟೇಪಿನಲ್ಲಿ ಸುಳ್ಳು ಹೇಳಿಲ್ಲ, ಆದ್ರೆ ಒಬ್ಬರು ಅಳೆದಿದ್ದು ಹೊರಗಿನ ಸುತ್ತು. ಬಿ-90 ಅನ್ನೋದ್ರಲ್ಲಿ 90 ಅಂದ್ರೆ ಬೆಲ್ಟಿನ ಒಳಗಿನ ಸುತ್ತಳತೆ, ಇಂಚಿನಲ್ಲಿ. ಬಿ-90ರ ಹೊರಗಡೆ ಟೇಪ್ ಹಿಡಿದ್ರೆ ಹೆಚ್ಚುಕಮ್ಮಿ 93 ಬರುತ್ತೆ. ಅದನ್ನೇ ನಂಬರು ಅಂತ ಬರೆದುಕೊಂಡ್ರೆ ಮೂರು ಸೈಜು ಮೇಲೆ ಹೋಗಿಬಿಡ್ತೀರ.

ಆದ್ರೂ ನಾನು ಬಿ-90 ತನ್ನಿ ಅಂತ ಈಗಲೇ ಹೇಳಲ್ಲ. ಹಳೇ ಬೆಲ್ಟು ಎಳೆದುಕೊಂಡು ಉದ್ದ ಆಗಿರುತ್ತೆ, ಅದು ಒಂದು. ಅದಕ್ಕಿಂತ ದೊಡ್ಡದು ಅಂದ್ರೆ, ಹೋದ ಸಲ ಹಾಕಿದವರು ಸರಿಯಾದದ್ದನ್ನೇ ಹಾಕಿದ್ರು ಅಂತ ಏನು ಗ್ಯಾರಂಟಿ? ಅವತ್ತು ಅಂಗಡೀಲಿ ಇದ್ದದ್ದನ್ನ ತಂದು ಹಾಕಿರಬಹುದು. ಅಳತೆ ತಗೋಬೇಕಾದ್ದು ಪುಲ್ಲಿಯಿಂದ, ಬೆಲ್ಟಿನಿಂದ ಅಲ್ಲ. ಇಷ್ಟು ಹೇಳಿ: ಮೋಟರ್ ಪುಲ್ಲಿ ಎಷ್ಟು, ಗಿರಣಿ ಪುಲ್ಲಿ ಎಷ್ಟು, ಎರಡೂ ಪುಲ್ಲಿಯ ಅಂಚಿನ ನಡುವೆ ಎಷ್ಟು ಜಾಗ, ಮೋಟರು ಅದರ ಕೆಳಗಿನ ರೇಲಿನ ಮೇಲೆ ಎಲ್ಲಿಂದ ಎಲ್ಲಿಗೆ ಸರಿಯುತ್ತೆ.

ಹಾವೇರಿ ಗಿರಣಿ:
ಅಳದೀನ್ರಿ ಸರ. ಮೋಟರ್ ಪುಲ್ಲಿ ಅಂಚಿಂದ ಅಂಚಿಗೆ 6 ಇಂಚು. ಗಿರಣಿ ಪುಲ್ಲಿ 14 ಇಂಚು. ಮೋಟರು ಪೂರಾ ಮುಂದ ತಂದ್ರ ಎರಡೂ ಅಂಚಿನ ನಡುವ 18 ಇಂಚೂವರಿ, ಪೂರಾ ಹಿಂದ ಒಯ್ದ್ರ 22 ಇಂಚೂವರಿ. ಈಗ ಹಳೇ ಬೆಲ್ಟಿನ ಮ್ಯಾಲೆ 21ರ ಹತ್ರ ನಿಂತೈತಿ. ಮೋಟರಿನ ಪ್ಲೇಟಿನ ಮ್ಯಾಲೆ 1440 ಅಂತ ಐತಿ.

ಪಾಲಿಟೆಕ್ನಿಕ್ ಮೇಷ್ಟ್ರು:
ಅಳತೆಗಳನ್ನು ಇಷ್ಟು ಸ್ಪಷ್ಟವಾಗಿ ಕೊಡುವವರು ನಮ್ಮ ತರಗತಿಯಲ್ಲೂ ಕಡಿಮೆ. ಲೆಕ್ಕ ಮಾಡೋಣ.

ಮೊದಲು ಎರಡು ಶಾಫ್ಟುಗಳ, ಅಂದರೆ ಪುಲ್ಲಿ ಕೂತಿರುವ ಅಚ್ಚುಗಳ, ನಡುವಿನ ದೂರ ಬೇಕು. ಅಂಚಿನ ನಡುವಿನ ಜಾಗಕ್ಕೆ ಎರಡೂ ಪುಲ್ಲಿಗಳ ಅರ್ಧರ್ಧ ಸೇರಿಸಿ. ನಿಮ್ಮಲ್ಲಿ ಅದು 3 ಮತ್ತು 7, ಒಟ್ಟು 10 ಇಂಚು. ಹಾಗಾದರೆ ಮೋಟರು ಮುಂದಿದ್ದಾಗ 28.5, ಹಿಂದೆ ಹೋದಾಗ 32.5. ಬೆಲ್ಟನ್ನು ರೇಲಿನ ನಡುಮಧ್ಯಕ್ಕೆ ಲೆಕ್ಕ ಹಾಕಬೇಕು. ಅಂದರೆ 30.5.

ಈಗ ಉದ್ದ. ಶಾಫ್ಟುಗಳ ದೂರದ ಎರಡರಷ್ಟು 61 ಇಂಚು. ಎರಡು ಪುಲ್ಲಿಗಳ ವ್ಯಾಸ ಕೂಡಿಸಿದರೆ 20, ಅದನ್ನು 1.57ರಿಂದ ಗುಣಿಸಿದರೆ 31.4. ವ್ಯಾಸಗಳ ವ್ಯತ್ಯಾಸ 8, ಅದರ ವರ್ಗ 64. ಅದನ್ನು ಶಾಫ್ಟು ದೂರದ ನಾಲ್ಕರಷ್ಟರಿಂದ, ಅಂದರೆ 122ರಿಂದ ಭಾಗಿಸಿದರೆ ಅರ್ಧ ಇಂಚು. ಮೂರನ್ನೂ ಕೂಡಿಸಿ: 92.9 ಇಂಚು.

ನೀವು ವ್ಯಾಸವನ್ನು ಪುಲ್ಲಿಯ ಅಂಚಿನ ಮೇಲೆ ಅಳೆದಿದ್ದರಿಂದ ಬಂದ ಉತ್ತರವೂ ಬೆಲ್ಟಿನ ಹೊರಮೈಯ ಉದ್ದ. ಬಿ ಬೆಲ್ಟಿನ ದಪ್ಪ 11 ಮಿ.ಮೀ. ಹೊರಸುತ್ತಿಗೂ ಒಳಸುತ್ತಿಗೂ ಇರುವ ವ್ಯತ್ಯಾಸ 2 × 3.14 × 11, ಅಂದರೆ 69 ಮಿ.ಮೀ., ಇಂಚಿನಲ್ಲಿ 2.7. ಪುಲ್ಲಿ ದೊಡ್ಡದಿರಲಿ ಚಿಕ್ಕದಿರಲಿ ಈ ವ್ಯತ್ಯಾಸ ಬದಲಾಗದು. 92.9ರಲ್ಲಿ 2.7 ಕಳೆದರೆ 90.2. ನಿಮ್ಮದು ಬಿ-90.

ಬಿ-93 ಹಾಕಿದ್ದರೆ ಏನಾಗುತ್ತಿತ್ತು ಅಂತಲೂ ನೋಡಿಬಿಡಿ. ಬೆಲ್ಟು ಬಿಗಿಯಾಗಬೇಕಾದರೆ ಶಾಫ್ಟು ದೂರ 31.9 ಬೇಕು. ನಿಮ್ಮ ರೇಲು ಮುಗಿಯುವುದು 32.5ಕ್ಕೆ. ಹೊಸದರಲ್ಲಿ ಹೇಗೋ ನಡೆಯುತ್ತದೆ. ಬೆಲ್ಟು ಸ್ವಲ್ಪ ಎಳೆದುಕೊಂಡಿತೋ, ಮೋಟರು ಹಿಂದೆ ಹೋಗಲು ಜಾಗವೇ ಇರುವುದಿಲ್ಲ.

ಕಡೂರು ಮಿಲ್ಲು:
ಮೇಷ್ಟ್ರೇ, ಇಷ್ಟೆಲ್ಲ ಲೆಕ್ಕ ಯಾಕೆ? ಒಂದು ದಾರ ತಗೊಂಡು ಎರಡೂ ಪುಲ್ಲಿಗೆ ಸುತ್ತಿ ಅಳೆದ್ರೆ ಆಯ್ತು. ನಮ್ಮಪ್ಪನ ಕಾಲದಿಂದ ಹಂಗೇ ಮಾಡ್ತಾ ಬಂದಿದೀವಿ, ಒಂದು ಬೆಲ್ಟೂ ವಾಪಸ್ ಹೋಗಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು:
ಖಂಡಿತ ಸರಿ, ದಾರ ಮಾಡುವುದೂ ಇದೇ ಲೆಕ್ಕವನ್ನೇ. ಎರಡು ಎಚ್ಚರಿಕೆ ಮಾತ್ರ. ದಾರ ಪುಲ್ಲಿಯ ಅಂಚಿನ ಮೇಲೆ ಕೂರಬೇಕು, ಗ್ರೂವಿನೊಳಗೆ (ಬೆಲ್ಟು ಕೂರುವ ಕಾಲುವೆಯೊಳಗೆ) ಇಳಿದರೆ ಆ ಅಳತೆ ಹೊರಸುತ್ತೂ ಅಲ್ಲ, ಒಳಸುತ್ತೂ ಅಲ್ಲ. ಅಂಚಿನ ಮೇಲೆ ನಿಲ್ಲದಿದ್ದರೆ ಅಗಲವಾದ ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಎರಡನೆಯದು, ಎಳೆದರೆ ಹಿಗ್ಗುವ ನೈಲಾನ್ ದಾರ ಬೇಡ. ಬಂದ ಅಳತೆಯಿಂದ ಬಿ ಆದರೆ 2.7 ಇಂಚು, ಅದಕ್ಕಿಂತ ತೆಳುವಾದ ಎ ಬೆಲ್ಟು ಆದರೆ 2 ಇಂಚು ಕಳೆಯಿರಿ.

ಕಡೂರು ಮಿಲ್ಲು:
ಕಳೆಯೋದು ಅಂಗಡಿಯವನ ಕೆಲಸ ಅಂತ ಬಿಟ್ಟಿದ್ವಿ. ದಾರ ಅವನ ಕೈಗೆ ಕೊಟ್ರೆ ಅವನೇ ನೋಡಿ ಕೊಡ್ತಿದ್ದ. ಈಗ ಮಗ ಕೂತಿದ್ದಾನೆ, ಅವನಿಗೆ ಫೋನಲ್ಲಿ ನಂಬರೇ ಹೇಳಬೇಕು.

ನ್ಯೂಜೆರ್ಸಿ ಕನ್ನಡಿಗ:
ಒಳಗೋ ಹೊರಗೋ ಎನ್ನುವ ಗೊಂದಲ ಇಲ್ಲೂ ಇದೆ. ಮನೆಯ ಸ್ನೋ ಬ್ಲೋವರಿಗೆ ಬೆಲ್ಟು ಹುಡುಕುವಾಗ ಎದುರಾಗುವುದು ‘ಫೋರ್ ಎಲ್’, ‘ಫೈವ್ ಎಲ್’ ಎಂಬ ಸರಣಿ. ಅದರಲ್ಲಿ ನಂಬರು ಹೊರಸುತ್ತಿನದು. ‘ಫೋರ್ ಎಲ್ 400’ ಅಂದರೆ ಹೊರಗಿನಿಂದ 40.0 ಇಂಚು, ಅದೇ ಅಳತೆ ಎ ಸರಣಿಯಲ್ಲಿ ಎ-38. ಪಕ್ಕಪಕ್ಕ ನೇತುಹಾಕಿರುತ್ತಾರೆ, ಎರಡರ ಮೇಲೂ ಬೇರೆ ನಂಬರು, ಉದ್ದ ಒಂದೇ. ಆದರೆ ಈ ಎಲ್ ಸರಣಿ ಒಂದು ಎಚ್‌ಪಿಗಿಂತ ಕಡಿಮೆಯ ಸಣ್ಣ ಮೋಟರುಗಳ ಕೆಲಸಕ್ಕೆ. ಅಳತೆ ಹೊಂದಿತು ಅಂತ 10 ಎಚ್‌ಪಿ ಗಿರಣಿಗೆ ಹಾಕುವ ವಸ್ತುವಲ್ಲ. ಊರಿಗೆ ಹೋಗುವವರ ಕೈಲಿ ಕಳಿಸಿ ಅಂತ ಯಾರೂ ಕೇಳಬೇಡಿ!

ಶಿರಸಿ ತೋಟ:
ಇದೇ ಎಳೆಯಲ್ಲಿ ನನ್ನದೊಂದು ಪ್ರಶ್ನೆ ಕೇಳಬಹುದಾ? ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಬೆಲ್ಟು. ಅದರ ಮೇಲೆ ‘ಎ 1041’ ಅಂತ ಇದೆ. ಅಂಗಡಿಯಲ್ಲಿ ಕೇಳಿದರೆ ಅಂಥ ಸೈಜೇ ಇಲ್ಲ ಅಂತಾರೆ.

ಪೀಣ್ಯ ಫಿಟ್ಟರ್:
ಅದು ಮಿ.ಮೀ. ಲೆಕ್ಕ ಭಟ್ರೇ. 25.4ರಿಂದ ಭಾಗಿಸಿ. 41 ಬರುತ್ತೆ. ಎ-41 ಕೇಳಿ, ಕೊಡ್ತಾರೆ. ಹಾವೇರಿಯವರೂ ಒಂದು ಸಲ ಹಳೇ ಬೆಲ್ಟಿನ ಮೇಲೆ 2286 ಅನ್ನೋದರ ಅವಶೇಷ ಏನಾದ್ರೂ ಇದೆಯಾ ನೋಡಿ, ಇದ್ರೆ ಅದೇ ಬಿ-90.

ಶಿರಸಿ ತೋಟ:
ನಾನು ಭಟ್ಟ ಅಲ್ಲ, ಹೆಗಡೆ. ಆದರೂ ಉಪಕಾರ ಆಯ್ತು.

ಪೀಣ್ಯ ಫಿಟ್ಟರ್:
ಶಿರಸಿ ಅಂದ್ರೆ ಹೆಗಡೆನೇ ಜಾಸ್ತಿ ಅಲ್ವಾ, ಮರೆತಿದ್ದೆ.

ಉದ್ದದ ಬಗ್ಗೆ ಎಲ್ಲರೂ ಮಾತಾಡಿದ್ರಿ, ಅಕ್ಷರದ ಬಗ್ಗೆ ಯಾರೂ ಮಾತಾಡಲಿಲ್ಲ. ಅಂಗಡೀಲಿ ‘ಬಿ ಇಲ್ಲ, ಎ ಹಾಕ್ಕೊಳ್ಳಿ, ನಡೆಯುತ್ತೆ’ ಅನ್ನೋರಿದ್ದಾರೆ. ನಡೆಯಲ್ಲ. ಮೇಲ್ಗಡೆ ಅಗಲ ಎ ಬೆಲ್ಟಿಗೆ 13 ಮಿ.ಮೀ., ಬಿಗೆ 17, ಸಿಗೆ 22. ವಿ ಬೆಲ್ಟು ಎಳೆಯೋದು ಅದರ ಎರಡು ಪಕ್ಕಗಳಿಂದ. ಪುಲ್ಲಿಯ ಗೋಡೆಗಳ ನಡುವೆ ಬೆಣೆ ಥರ ಸಿಕ್ಕಿಕೊಂಡು ಹಿಡಿಯುತ್ತೆ. ಬಿ ಪುಲ್ಲಿಗೆ ಎ ಬೆಲ್ಟು ಹಾಕಿದ್ರೆ ಅದು ಕೆಳಗೆ ಇಳಿದು ಗ್ರೂವಿನ ತಳ ಮುಟ್ಟುತ್ತೆ, ಪಕ್ಕದ ಹಿಡಿತ ಹೋಗುತ್ತೆ. ಆಮೇಲೆ ಎಷ್ಟು ಬಿಗಿ ಮಾಡಿದ್ರೂ ಜಾರೋದೇ. ನೀವು ಬಿಗಿ ಮಾಡ್ತಾ ಹೋಗ್ತೀರ, ಮೋಟರಿನ ಬೇರಿಂಗು ಹೋಗುತ್ತೆ.

ಇನ್ನೊಂದು ಮೋಸ ಎಸ್‌ಪಿಬಿ ಅನ್ನೋ ಬೇರೆ ಜಾತಿ ಬೆಲ್ಟು. ಅದು ಅಗಲದಲ್ಲಿ ಬಿ ಹತ್ತಿರಾನೇ ಇದೆ, ಕಣ್ಣಿಗೆ ಒಂದೇ ಥರ ಕಾಣುತ್ತೆ, ದಪ್ಪ ಮಾತ್ರ ಜಾಸ್ತಿ. ಅದರ ನಂಬರು ಮಿ.ಮೀ.ನಲ್ಲಿ, ಅದೂ ಒಳಸುತ್ತಲ್ಲ, ಬೆಲ್ಟಿನ ಮೈಯೊಳಗೆ ದಾರದ ಹುರಿ ಓಡೋ ಗೆರೆಯ ಉದ್ದ. ಹಳೇ ಬಿ ಪುಲ್ಲಿಗೆ ಅದನ್ನ ಹಾಕಿದ್ರೆ ತಳ ತಾಗೋ ಸಾಧ್ಯತೆ ಇದೆ. ಬಿ ಪುಲ್ಲಿಗೆ ಬಿ ಬೆಲ್ಟು, ಅಷ್ಟೇ.

ಮೂರೂ ಒಟ್ಟಿಗೆ ಬದಲಾಯಿಸಿ. ‘ಒಂದು ಚೆನ್ನಾಗೈತೆ, ಇರಲಿ’ ಅಂತ ಇಟ್ಕೋಬೇಡಿ. ಹಳೇದು ಉದ್ದ ಆಗಿರುತ್ತೆ, ಅದು ಸಡಿಲ ನಿಂತು ಹೊಸ ಎರಡರ ಮೇಲೆ ಪೂರ್ತಿ ಹೊರೆ ಬೀಳುತ್ತೆ. ಮೂರೂ ಒಂದೇ ಕಂಪನಿಯದು, ಸಾಧ್ಯ ಆದ್ರೆ ಒಂದೇ ಲಾಟಿನದು, ಅಂದ್ರೆ ಒಟ್ಟಿಗೆ ತಯಾರಾದದ್ದು ಕೇಳಿ. ಪೆನ್ನರ್ ಆಗಲಿ ಪಿಕ್ಸ್ ಆಗಲಿ ನನಗೆ ವ್ಯತ್ಯಾಸ ಇಲ್ಲ, ಬೆರಕೆ ಮಾತ್ರ ಬೇಡ.

ಕಡೂರು ಮಿಲ್ಲು:
ಫೆನ್ನರ್.

ಪೀಣ್ಯ ಫಿಟ್ಟರ್:
ಹೌದು ಫೆನ್ನರ್. ಫೋನ್ ಕೀಲಿಮಣೆ.

ಹಾವೇರಿ ಗಿರಣಿ:
ಇನ್ನೊಂದು ಕೇಳ್ತೀನ್ರಿ. ಹ್ಯಾಂಗೂ ಬೆಲ್ಟು ಬದಲಾಯಿಸೋದೈತಿ. ಮೋಟರಿಗೆ 7 ಇಂಚಿನ ಪುಲ್ಲಿ ಹಾಕಿದ್ರ ಗಿರಣಿ ಜೋರಾಗಿ ತಿರಗಿ ಲಗೂನ ಬೀಸತೈತಿ ಅಂತ ನಮ್ಮ ಅಳಿಯ ಹೇಳಾಕತ್ಯಾನ.

ಪಾಲಿಟೆಕ್ನಿಕ್ ಮೇಷ್ಟ್ರು:
ತಿರುಗುವುದೇನೋ ಜೋರಾಗಿ ತಿರುಗುತ್ತದೆ. ಈಗ ಮೋಟರಿನ ನಿಮಿಷದ ಸುತ್ತು 1440ನ್ನು 6ರಿಂದ ಗುಣಿಸಿ 14ರಿಂದ ಭಾಗಿಸಿದರೆ ಕಲ್ಲು ನಿಮಿಷಕ್ಕೆ ಸುಮಾರು 617 ಸುತ್ತು ತಿರುಗುತ್ತಿದೆ. 7 ಇಂಚು ಹಾಕಿದರೆ 720. ಅದೇ ಮೋಟರು ಹೆಚ್ಚು ಹೊರೆ ಎಳೆಯಬೇಕು, ಕರೆಂಟು ಹೆಚ್ಚು ಎಳೆಯುತ್ತದೆ, ಕಲ್ಲು ಬಿಸಿಯಾಗಿ ಹಿಟ್ಟೂ ಬಿಸಿಯಾಗುತ್ತದೆ. ಗಿರಣಿ ಮಾಡಿದವರು ಎಷ್ಟು ಸುತ್ತು ಅಂತ ಹೇಳಿದ್ದಾರೋ ಅದನ್ನು ಮೀರಬಾರದು, ಕಲ್ಲು ಅಷ್ಟು ವೇಗಕ್ಕೆ ಮಾಡಿದ್ದಲ್ಲ. ಪುಲ್ಲಿ ಬದಲಾದರೆ ಬೆಲ್ಟಿನ ಉದ್ದವೂ ಬದಲಾಗುತ್ತದೆ.

ಕಡೂರು ಮಿಲ್ಲು:
ಹಿಟ್ಟು ಬಿಸಿ ಆದ್ರೆ ಹೆಂಗಸರು ಮಾರನೇ ದಿನ ಪಕ್ಕದ ಊರಿನ ಮಿಲ್ಲಿಗೆ ಹೋಗ್ತಾರೆ. ಅಳಿಯಂದಿರಿಗೆ ಇದನ್ನ ಮೊದಲು ಹೇಳಿ. ರೊಟ್ಟಿ ಸೀಮೆಯಲ್ಲಿ ಇನ್ನೂ ಕಷ್ಟ, ಜೋಳದ ಹಿಟ್ಟು ಜಿಗುಟು ಕಳಕೊಂಡ್ರೆ ತಟ್ಟೋಕೆ ಬರಲ್ಲ ಅಂತ ನೇರ ಮುಖಕ್ಕೇ ಹೇಳ್ತಾರೆ.

ಹಳೇ ಎಂಜಿನ್ನು:
ಎಲ್ಲರ ಬರಹ ಓದಿದೆ. ನನಗೆ ಎಪ್ಪತ್ತು ದಾಟಿದೆ, ಡೀಸೆಲ್ ಎಂಜಿನ್ ಗಿರಣಿ ನಡೆಸಿದವನು. ಆಗ ಈ ನಂಬರುಗಳ ಗೋಜೇ ಇರಲಿಲ್ಲ. ಚಪ್ಪಟೆ ಪಟ್ಟಾ. ಇಷ್ಟು ಇಂಚು ಅಗಲ, ಇಷ್ಟು ಪ್ಲೈ (ಪದರ) ಅಂತ ಹೇಳಿ ಅಡಿ ಲೆಕ್ಕದಲ್ಲಿ ಕತ್ತರಿಸಿಕೊಂಡು ಬರುತ್ತಿದ್ದೆವು. ಎಂಜಿನ್ನಿಗೂ ಗಿರಣಿಗೂ ದೂರ ಬಹಳ, ಪಟ್ಟಾ ತನ್ನ ಭಾರಕ್ಕೇ ಜೋತು ಹಿಡಿದುಕೊಳ್ಳುತ್ತಿತ್ತು. ತಿರುಗುವ ದಿಕ್ಕು ಬದಲಾಗಬೇಕಾದರೆ ಪಟ್ಟಾವನ್ನು ಅಡ್ಡ ಹಾಕಿ ಎಂಟರ ಆಕಾರ ಮಾಡುತ್ತಿದ್ದೆವು. ಸಡಿಲವಾದರೆ ಎರಡು ಇಂಚು ಕತ್ತರಿಸಿ ಮತ್ತೆ ಕ್ಲಿಪ್ಪು ಹೊಡೆಯುವುದು.

ವಿ ಬೆಲ್ಟಿಗೆ ಜೋಡಣೆಯೇ ಇಲ್ಲ, ಕತ್ತರಿಸಲು ಬರುವುದಿಲ್ಲ. ಆ ಕತ್ತರಿಯ ಕೆಲಸವನ್ನೇ ಈಗ ಮೋಟರಿನ ಕೆಳಗಿನ ರೇಲು ಮಾಡುತ್ತಿದೆ. ಅದಕ್ಕೇ ಮೇಷ್ಟ್ರು ನಡುಮಧ್ಯಕ್ಕೆ ಲೆಕ್ಕ ಹಾಕಿ ಅಂದದ್ದು. ಮುಂದೆ ಜಾಗ ಇರದಿದ್ದರೆ ಬೆಲ್ಟು ಏರಿಸಲು ಆಗುವುದಿಲ್ಲ, ಆಗ ಹುಡುಗರು ಸ್ಕ್ರೂಡ್ರೈವರ್ ಸಿಕ್ಕಿಸಿ ಪುಲ್ಲಿ ತಿರುಗಿಸಿ ಏರಿಸುತ್ತಾರೆ. ಹಾಗೆ ಏರಿಸಿದ ಬೆಲ್ಟಿನ ಒಳಗಿನ ಹುರಿ ಅಂದೇ ಹರಿದಿರುತ್ತದೆ, ಹೊರಗೆ ಕಾಣುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ತುಂಡಾದಾಗ ಕಂಪನಿಯನ್ನು ಬೈಯುತ್ತಾರೆ.

ಮತ್ತೊಂದು ಮಾತು. ಬೆಲ್ಟಿಗೆ ಜಾಳಿಗೆಯ ಮುಚ್ಚಳ ಇದೆಯೇ? ಬೀಸಲು ತಂದವರು ಚೀಲ ಎತ್ತಲು ಬಾಗುತ್ತಾರೆ, ಸೆರಗು, ಟವೆಲ್ಲು ಜೋತಿರುತ್ತದೆ. ನಾನು ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಬೆಲ್ಟು ತರುವ ದಿನವೇ ಜಾಳಿಗೆಯನ್ನೂ ತನ್ನಿ.

ಹಾವೇರಿ ಗಿರಣಿ:
ಅಜ್ಜಾರ, ಜಾಳಿಗಿ ಇತ್ರಿ, ಹೋದ ಸಲ ಬೆಲ್ಟು ಬಿಗಿ ಮಾಡಾಕ ಬಿಚ್ಚಿ ಗ್ವಾಡಿಗೆ ನಿಲ್ಲಿಸಿದ್ದು ಹಂಗ ಉಳದೈತಿ. ಬೆಲ್ಟಿನ ಕೂಡ ಅದನ್ನೂ ಹಾಕ್ತೀನಿ. ನಾಳೆ ಪ್ಯಾಟಿಗೆ ಹೋಗಿ ಬಿ-90 ಮೂರು ತರ್ತೀನಿ. ಬಿಗಿ ಎಷ್ಟು ಇಡಬೇಕು?

ಪೀಣ್ಯ ಫಿಟ್ಟರ್:
ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸು ಕಿತ್ತು ಜೇಬಿಗೆ ಹಾಕ್ಕೊಳ್ಳಿ. ಪುಲ್ಲಿ ಗ್ರೂವಿನಲ್ಲಿರೋ ಹಿಟ್ಟಿನ ಪುಡಿ, ಎಣ್ಣೆ ಒರೆಸಿ. ಮೋಟರು ಪೂರ್ತಿ ಮುಂದೆ ತಂದು ಕೈಯಲ್ಲೇ ಬೆಲ್ಟು ಏರಿಸಿ. ಎರಡೂ ಪುಲ್ಲಿಯ ಪಕ್ಕಕ್ಕೆ ಒಂದು ದಾರ ಬಿಗಿಯಾಗಿ ಹಿಡಿದು ನೇರ ಇದೆಯಾ ನೋಡ್ಕೊಳ್ಳಿ, ಓರೆ ಇದ್ರೆ ಬೆಲ್ಟಿನ ಒಂದೇ ಪಕ್ಕ ಸವೆಯುತ್ತೆ. ನಿಮ್ಮ ಹಳೇ ಬೆಲ್ಟಿನ ಅಂಚು ಬಿಚ್ಚಿಕೊಂಡಿದ್ದು ಬಹುಶಃ ಅದರಿಂದಲೇ.

ಬಿಗಿಗೆ ಅಂದಾಜು ಹೀಗೆ: ಪುಲ್ಲಿಗಳ ನಡುವೆ ಬೆಲ್ಟು ನೇರ ಓಡೋ ಉದ್ದ ಒಂದು ಮೀಟರಿದ್ರೆ ನಡುವೆ ಒತ್ತಿದಾಗ 16 ಮಿ.ಮೀ. ಬಗ್ಗಬೇಕು. ನಿಮ್ಮಲ್ಲಿ ಮುಕ್ಕಾಲು ಮೀಟರು, ಹಂಗಾಗಿ 12 ಮಿ.ಮೀ., ಅರ್ಧ ಇಂಚು ಅಂತ ಇಟ್ಕೊಳ್ಳಿ. ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ನೋಡಿ, ಮೂರೂ ಒಂದೇ ಸಮ ಬಗ್ಗಬೇಕು. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ನೋಡಿ. ಹೊಸ ಬೆಲ್ಟು ಕೂತ್ಕೊಳ್ಳುವಾಗ ಸ್ವಲ್ಪ ಸಡಿಲ ಆಗುತ್ತೆ. ಮರುದಿನವೂ ಒಂದು ಸಲ. ಕಿರುಚಿದ್ರೆ ರಾಳದ ಪುಡಿ ಹಾಕಬೇಡಿ. ಆವತ್ತು ಸದ್ದು ನಿಲ್ಲುತ್ತೆ, ಆಮೇಲೆ ಹಿಟ್ಟಿನ ಪುಡಿ ಅದಕ್ಕೆ ಅಂಟಿ ಗ್ರೂವು ತುಂಬಿಕೊಳ್ಳುತ್ತೆ.

ಹಾವೇರಿ ಗಿರಣಿ:
ಬಿ-90 ಹಾಕಿದ್ವಿರಿ. ಕೈಯಾಗ ಏರಿತು, ರಾಡು ಮುಟ್ಟಲಿಲ್ಲ. ಬಿಗಿ ಮಾಡಿದ ಮ್ಯಾಲೆ ಅಂಚಿನ ನಡುವ 20 ಇಂಚೂವರಿ, ಮೇಷ್ಟ್ರು ಹೇಳಿದ್ದಕ್ಕ ಸರಿ ಬಂತು. ಜಾಳಿಗಿನೂ ಕೂಡಿಸೀವಿ. ಜ್ವಾಳ ತುಂಬಿ ಓಡಿಸಿದ್ರ ಮೊದಲಿನಂಗ ವಾಸನಿ ಬರೂದಿಲ್ಲ. ಆದ್ರ ಒಂದು ನೋಡ್ರಿ: ಮೂರೂ ಒಂದೇ ಲಾಟಿನವು, ಆದ್ರೂ ಮೋಟರ್ ಪುಲ್ಲಿ ಕಡೆ ನಡುವಿನ ಬೆಲ್ಟು ಉಳಿದೆರಡಕ್ಕಿಂತ ಸ್ವಲ್ಪ ಒಳಗ ಕುಂತೈತಿ. ಒತ್ತಿದ್ರ ಅದೊಂದು ಜಾಸ್ತಿ ಬಗ್ಗತೈತಿ.

ಪೀಣ್ಯ ಫಿಟ್ಟರ್:
ಅದು ಬೆಲ್ಟಿನದಲ್ಲ, ಪುಲ್ಲಿಯ ನಡುವಿನ ಗ್ರೂವು ಸವೆದಿದೆ. ಬೆಲ್ಟು ಮೇಲೆತ್ತಿ ಟಾರ್ಚು ಬಿಟ್ಟು ನೋಡಿ. ಗ್ರೂವಿನ ಗೋಡೆ ನೇರವಾಗಿರದೆ ಒಳಗೆ ಬಟ್ಟಲಾಗಿದ್ರೆ, ಇಲ್ಲಾ ತಳ ಮಿರಮಿರ ಹೊಳೀತಿದ್ರೆ ಪುಲ್ಲಿ ಮುಗಿದಂಗೆ. ಈ ಸುಗ್ಗಿ ಓಡಿಸಿಕೊಳ್ಳಿ, ಸಮಸ್ಯೆ ಆಗಲ್ಲ. ಆಮೇಲೆ 6 ಇಂಚಿನ ಮೂರು ಗ್ರೂವಿನ ಬಿ ಪುಲ್ಲಿ ತನ್ನಿ. ತರುವ ಮುಂಚೆ ಮೋಟರ್ ಶಾಫ್ಟಿನ ಗಾತ್ರ ಮತ್ತು ಪುಲ್ಲಿಯನ್ನ ಶಾಫ್ಟಿಗೆ ಹಿಡಿದಿಡೋ ಕೀ ಅಗಲ ಎರಡನ್ನೂ ಅಳೆದು ಬರೆದುಕೊಂಡು ಹೋಗಿ. ಅಳಿಯ 7 ಇಂಚಿನದು ತರದಂಗೆ ನೋಡ್ಕೊಳ್ಳಿ.

ಹಾವೇರಿ ಗಿರಣಿ:
ಅಳಿಯನ್ನ ಕಳಸೂದಿಲ್ರಿ, ನಾನ ಹೋಗ್ತೀನಿ.